ಡ್ರೈವರ್‌ನ ಬಣ್ಣದೋಷ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಹಳೆಯ ಕಂಪ್ಯೂಟರ್‌ಗಳಿಗಾಗಿ ನಾವು ಸಿದ್ಧಪಡಿಸುತ್ತಿರುವ, ಪರದೆಗೆ ಚಿತ್ರ ಕಳುಹಿಸುವ ಕಾರ್ಡನ್ನು ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಬಣ್ಣಗಳು ತಪ್ಪಾಗಿ ಕಾಣುತ್ತಿವೆ ಎಂದು ಹಲವರು ಚಿತ್ರಗಳನ್ನು ಹಾಕಿದ್ದೀರಿ. ಆದರೆ ಯಾವ ಮೋಡ್ (ಬಣ್ಣಗಳನ್ನು ಎಷ್ಟು ಬಿಟ್‌ಗಳಲ್ಲಿ ತೋರಿಸುವ ವಿಧಾನ) ಎಂದು ತಿಳಿಸದ ಚಿತ್ರದಿಂದ ಪ್ರಯೋಜನ ಕಡಿಮೆ.

ಕಂಪ್ಯೂಟರ್ ಶುರುವಾದೊಡನೆ, ನಮ್ಮ ಡ್ರೈವರ್ ಕೆಲಸ ಆರಂಭಿಸುವ ಮೊದಲೇ ಬರುವ ಬಯಾಸ್ ಪರದೆಯಲ್ಲೇ ಬಿಳಿ ಅಕ್ಷರಗಳು ಹಸಿರುಮಿಶ್ರಿತ ನೀಲಿಯಾಗಿ ಕಂಡರೆ ದೋಷ ಡ್ರೈವರ್‌ನದಲ್ಲ, ಕೆಂಪಿನ ಸಂಕೇತ ಮಾನಿಟರ್‌ಗೆ ತಲುಪುತ್ತಿಲ್ಲ. ವಿಜಿಎ ಕೇಬಲ್‌ನಲ್ಲಿ (ಕಂಪ್ಯೂಟರ್ ಮತ್ತು ಮಾನಿಟರ್ ಜೋಡಿಸುವ ತಂತಿ) ಕೆಂಪನ್ನು ಒಯ್ಯುವ 1ನೇ ಪಿನ್ ನೋಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋಗಿ ಬೇರೆ ಕೇಬಲ್ ತರುವುದು ಕೋಡ್ ತಿದ್ದುವುದಕ್ಕಿಂತ ಸುಲಭ.

256 ಬಣ್ಣಗಳ ಮೋಡ್‌ನಲ್ಲಿ, 1987ರಲ್ಲಿ ಬಂದ ಮೂಲ ವಿಜಿಎ ಕಾರ್ಡ್ ಕೆಂಪು, ಹಸಿರು, ನೀಲಿ ಪ್ರತಿ ವರ್ಣಕ್ಕೆ 6 ಬಿಟ್‌ಗಳನ್ನಷ್ಟೇ ಸ್ವೀಕರಿಸುತ್ತದೆ. 0ರಿಂದ 255ರವರೆಗಿನ ಬೆಲೆಗಳನ್ನು 4ರಿಂದ ಭಾಗಿಸದೆ ಬರೆದರೆ ಮೇಲಿನ 2 ಬಿಟ್‌ಗಳು ಕಳೆದುಹೋಗಿ, 192ರಂತಹ ಪ್ರಖರ ಬೆಲೆಯೂ ಸೊನ್ನೆಯಾಗುತ್ತದೆ.

ನಿಜವಾದ ತೊಡಕಿರುವುದು 16 ಬಿಟ್ ಮೋಡ್‌ನಲ್ಲಿ. ಡ್ರೈವರ್ 5-6-5 ವಿನ್ಯಾಸದಲ್ಲಿ (ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5 ಬಿಟ್) ಬರೆದದ್ದನ್ನು ಕಾರ್ಡ್ 5-5-5 (ಮೂರಕ್ಕೂ 5 ಬಿಟ್, ಮೇಲಿನ 1 ಬಿಟ್ ಖಾಲಿ) ಎಂದು ಓದಿದರೆ, ಅಚ್ಚ ಕೆಂಪು, ಹಸಿರು, ನೀಲಿ, ಬಿಳಿ ಎಲ್ಲವೂ ಬಹುತೇಕ ಸರಿಯಾಗಿಯೇ ಕಾಣುವುದರಿಂದ ಬಣ್ಣದ ಪಟ್ಟಿಗಳ ಪರೀಕ್ಷೆ ನಮ್ಮನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಅರ್ಧ ಪ್ರಖರತೆಯ ಕೆಂಪು, ಅಂದರೆ 0ರಿಂದ 31ರ ಅಳತೆಯಲ್ಲಿ 16ರ ಬೆಲೆ, ಕಾರ್ಡ್ ಕಡೆಗಣಿಸುವ 15ನೇ ಬಿಟ್‌ನಲ್ಲಿ ಮಾತ್ರ ಇರುವುದರಿಂದ ಪೂರ್ತಿ ಕಪ್ಪಾಗುತ್ತದೆ. ಇಂಥ ನಡುವಿನ ಬೆಲೆಗಳಲ್ಲೇ ದೋಷ ಕಾಣುವುದರಿಂದ, ಕಪ್ಪಿನಿಂದ ಬಿಳಿಗೆ ಏರುವ ಬೂದು ಪಟ್ಟಿಯನ್ನು ತಪ್ಪದೆ ಪರೀಕ್ಷಿಸಿ. ಹಸಿರು ಸರಿಯಿದ್ದು ಕೆಂಪು-ನೀಲಿ ಅದಲುಬದಲಾಗಿದ್ದರೆ ವರ್ಣಗಳ ಕ್ರಮವಷ್ಟೇ ತಿರುಗಿರುತ್ತದೆ.

ಇನ್ನು ಮುಂದೆ ವರದಿಯೊಂದಿಗೆ ಕಾರ್ಡ್‌ನ ಚಿಪ್ ಹೆಸರು, ಮೋಡ್ ಮತ್ತು ಬೂದು ಪಟ್ಟಿಯ ಚಿತ್ರವನ್ನು ಕಳುಹಿಸಬೇಕಾಗಿ ಕೋರಿಕೆ.