ಅಳಿವೆಗೆ ಹಾಯಿದೋಣಿ ಬರಲಿ

ಉತ್ತರ ಕನ್ನಡದ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುವ ಎಂಜಿನ್ ದೋಣಿಗಳ ವೇಗಕ್ಕೆ ಕಡಿವಾಣ ಬೇಕು. ದಡದ ಹಳ್ಳಿಗಳನ್ನು ನೋಡಬಯಸುವವರಿಗೆ ಹಾಯಿದೋಣಿಯ ವ್ಯವಸ್ಥೆ ಆಗಬೇಕು. ಇಳಿತದ ಹೊತ್ತಿನಲ್ಲಿ ಇಲ್ಲಿನ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು, ಕೆಸರು ತಡಕಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಪಕ್ಕದಲ್ಲೇ ದೋಣಿಯೊಂದು ರಭಸದಿಂದ ಹಾದುಹೋದರೆ ತೆರೆ ಎದೆಗೆ ಬಡಿಯುತ್ತದೆ, ಹೆಕ್ಕಿಟ್ಟ ಬುಟ್ಟಿ ಮಗುಚುತ್ತದೆ. ಮೊಬೈಲ್ ಹಿಡಿದು ನಿಂತವರಿಗೆ ಅದೂ ಒಂದು ನೋಟ!

2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್‌ಸಾರ್ ತಾಣವೆಂಬ ಮನ್ನಣೆ ದೊರೆತಿದೆ. ಅಣೆಕಟ್ಟಿನ ಹಂಗಿಲ್ಲದೆ ಕಡಲು ಸೇರುವ ನದಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಎಂಬ ತಗ್ಗು ಗದ್ದೆಗಳು ನಿಧಾನವಾಗಿ ನೋಡಬೇಕಾದವು. ಮಳೆಗಾಲ ಕಳೆದ ಮೇಲೆ, ಮಧ್ಯಾಹ್ನ ಕಡಲಿನಿಂದ ಬೀಸುವ ಗಾಳಿಗೆ ಹಾಯಿ ಬಿಚ್ಚಿದರೆ ಅಳಿವೆಯ ಬಾಯಲ್ಲಿರುವ ತದಡಿಯಿಂದ ಒಳಗಿನ ಹಳ್ಳಿಗಳತ್ತ ಡೀಸೆಲ್ ಸುಡದೆ ಸಾಗಬಹುದು. ಮರಳುವಾಗ ಇಳಿತದ ಸೆಳೆತವೇ ನೆರವಾಗುತ್ತದೆ. ಗಾಳಿ ಬಿದ್ದ ದಿನಕ್ಕೆ ಹುಟ್ಟು ಇದ್ದೇ ಇದೆ.

ಜಿಲ್ಲಾಡಳಿತವು ಹೊರಗಿನ ಗುತ್ತಿಗೆದಾರರನ್ನು ಕರೆಯದೆ, ಸ್ಥಳೀಯ ಮೀನುಗಾರರಿಗೇ ಪರವಾನಗಿ ಹಾಗೂ ಸಹಾಯಧನ ನೀಡಿ ಕೆಲವು ಹಾಯಿದೋಣಿಗಳನ್ನು ಪ್ರಾಯೋಗಿಕವಾಗಿ ಆರಂಭಿಸಲಿ. ಲೈಫ್ ಜಾಕೆಟ್ ಕಡ್ಡಾಯವಾಗಲಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದವರ ದೋಣಿ ಮಗುಚಿದ್ದನ್ನು ಮರೆಯುವಂತಿಲ್ಲ. ಬಳಚು ಹೆಕ್ಕುವ ಜಾಗಗಳ ಸುತ್ತ ತೇಲುಗುರುತು ಕಟ್ಟಿ, ಇಳಿತದ ವೇಳೆ ಯಾವ ಪ್ರವಾಸಿ ದೋಣಿಯೂ ಅತ್ತ ಸುಳಿಯದಂತೆ ನೋಡಿಕೊಳ್ಳಲಿ.

– ಓದುಗ, ಕುಮಟಾ