ಮರುಮುದ್ರಣ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ಸಮಾಜ, ಕಾನೂನು, ಸ್ಥಳೀಯ ಇತಿಹಾಸದ ಹಳೆಯ ಪುಸ್ತಕಗಳ ಮರುಮುದ್ರಣದ ಬಗ್ಗೆ ಇಲ್ಲಿ ಹಾಕುವವರು ದಯವಿಟ್ಟು ಮೂಲ ಮುದ್ರಣದ ವರ್ಷವನ್ನೂ ಬರೆಯಿರಿ. ಹೊರಗೆ 2015 ಅಂತಿದ್ದರೂ ಒಳಗಿರುವುದು 1880ರ ಪಠ್ಯವಾಗಿರಬಹುದು. ಕಾನೂನಿನ ಪುಸ್ತಕವಾದರಂತೂ ರದ್ದಾದ ಕಾಯ್ದೆಯನ್ನೇ ಈಗಿನದೆಂದು ಓದಿಬಿಡುತ್ತೇವೆ.

ಯಥಾಪ್ರತಿಯೋ (ಹಳೆಯ ಪುಟಗಳನ್ನೇ ಸ್ಕ್ಯಾನ್ ಮಾಡಿ ಹಾಗೆಯೇ ಅಚ್ಚುಹಾಕಿದ್ದು), ಹೊಸದಾಗಿ ಅಕ್ಷರ ಜೋಡಿಸಿದ್ದೋ ಅದನ್ನೂ ನೋಡಿ. ಯಂತ್ರಕ್ಕೆ ಓದಿಸಿ ತಯಾರಿಸಿದ ಪ್ರತಿಗಳಲ್ಲಿ, 1800ಕ್ಕಿಂತ ಹಿಂದಿನ ಇಂಗ್ಲಿಷ್ ಮುದ್ರಣದ ಉದ್ದನೆಯ ‘ಎಸ್’ ಅಕ್ಷರ (ſ), ನೋಡಲು ‘ಎಫ್’ನಂತೆಯೇ ಇರುವುದರಿಂದ, ಎಷ್ಟೋ ಸಲ ‘ಎಫ್’ ಆಗಿಬಿಟ್ಟಿರುತ್ತದೆ. (ಓದುವಾಗ ನಗು, ಉಲ್ಲೇಖಿಸುವಾಗ ಅಳು.) ಯಥಾಪ್ರತಿಯಾದರೆ ಬೇರೆ ಕಾಟ: ಮಡಿಸಿದ ನಕ್ಷೆಗಳನ್ನು ಬಿಡಿಸದೆಯೇ ಸ್ಕ್ಯಾನ್ ಮಾಡಿರುತ್ತಾರೆ. ಊರಿನ ಇತಿಹಾಸಕ್ಕೆ ನಕ್ಷೆಯೇ ಜೀವ ಅಲ್ಲವೇ? ಅಡಿಟಿಪ್ಪಣಿ, ಪದಸೂಚಿ ಇವೆಯೇ ಎಂದು ಕೇಳಿಕೊಂಡೇ ದುಡ್ಡು ಕೊಡಿ.