ನಿನ್ನೆ ರಾತ್ರಿ ಕ್ರೈಮ್ ಸೀರಿಯಲ್ ನೋಡಿದವ್ರು ಓದಿ

ಎಲ್ರಿಗೂ ನಮಸ್ಕಾರ, ಬೆಳಿಗ್ಗೆಯಿಂದ ಆ ಎಪಿಸೋಡ್ ಬಗ್ಗೆ ಚೂರು ಚೂರು ಮೆಸೇಜ್ ಬರ್ತಾನೇ ಇದೆ, ಎಲ್ಲ ಸೇರಿಸಿ ಚಾನಲ್‌ಗೆ ಒಂದೇ ಮೇಲ್ ಹಾಕೋಣ ಅಂತ ಇಲ್ಲಿ ಬರೀತಿದೀನಿ.

ದೊಡ್ಡ ತಪ್ಪು ಹೆಣದ್ದೇ. ಶ್ರೀರಂಗಪಟ್ಟಣದ ಸೇತುವೆಯಿಂದ ಕಾವೇರಿಗೆ ಎಸೀತಾರೆ, ಬೆಳಗಾಗೋದ್ರೊಳಗೆ ಅದು ಕೆಆರ್‌ಎಸ್ ಡ್ಯಾಮ್ ಒಳಗೆ ತೇಲ್ತಿರುತ್ತೆ! ಅಲ್ಲಾ ಸ್ವಾಮಿ, ನೀರು ಇಳಿಯೋದು ಕನ್ನಂಬಾಡಿಯಿಂದ, ಅಂದ್ರೆ ಅದೇ ಕೆಆರ್‌ಎಸ್‌ನಿಂದ, ಶ್ರೀರಂಗಪಟ್ಟಣದ ಕಡೆಗೆ, ಹೆಣ ಎದುರು ಈಜ್ಕೊಂಡು ಹೋಗಿ ಕಟ್ಟೆ ಹತ್ತಿ ಆಚೆ ಬಿತ್ತಾ? ಸಿಕ್ಕಿದ್ರೆ ಕೆಳಗಡೆ ಸಂಗಮದ ಹತ್ರನೋ ಟಿ. ನರಸೀಪುರದ ಕಡೆನೋ ಸಿಗ್ಬೇಕು. ಮೇಲಾಗಿ ಪಟ್ಟಣ, ಡ್ಯಾಮು ಎರಡೂ ಮಂಡ್ಯ ಜಿಲ್ಲೆ, ಆದ್ರೆ ಅಲ್ಲಿ ನಿಂತು ಆರ್ಡರ್ ಮಾಡೋದು ಮೈಸೂರು ಕಮಿಷನರ್ರು, ಮಂಡ್ಯ ಎಸ್ಪಿ ಸುದ್ದಿನೇ ಇಲ್ಲ. ಮೈಸೂರಲ್ಲಿ ಜೀರೋ ಎಫ್‌ಐಆರ್ (ತಮ್ಮ ವ್ಯಾಪ್ತಿ ಅಲ್ದಿದ್ರೂ ದಾಖಲಿಸ್ಕೊಳ್ಳೋ ದೂರು) ಮಾಡಿ ಪಟ್ಟಣದ ಸ್ಟೇಷನ್‌ಗೆ ಕಳಿಸಿದ್ವಿ ಅಂತ ಒಂದು ಡೈಲಾಗ್ ಇಟ್ಟಿದ್ರೂ ಸಾಕಿತ್ತು.

ಇನ್ನು ಬೆಂಗಳೂರಿಗೆ ಓಡೋ ಕಾರು ನಂಜನಗೂಡು ಬೋರ್ಡ್ ದಾಟುತ್ತೆ, ಅದು ಊಟಿ ರೋಡು ಕಣ್ರಪ್ಪಾ. ಮಾಮೂಲಿ ಮಂಗಳವಾರ ಮಧ್ಯರಾತ್ರಿ ಅರಮನೆ ಪೂರ್ತಿ ದೀಪ, ಹಬ್ಬನೂ ಇಲ್ಲ ದಸರಾನೂ ಇಲ್ಲ. ಕಥೆ 2025ರದ್ದು, ಕೊಲೆಗೆ ಇನ್ನೂ ಹಳೇ ಐಪಿಸಿ ಸೆಕ್ಷನ್ 302 ಅಂತಾರೆ, 2024 ಜುಲೈ 1ರಿಂದ ಆಗೋ ಕೊಲೆಗೆ ಹೊಸ ಕಾನೂನು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 103. ಆ್ಯಕ್ಟಿಂಗ್ ಮಾತ್ರ ಚೆನ್ನಾಗಿತ್ತು, ಅದನ್ನೂ ಮೇಲ್‌ನಲ್ಲಿ ಬರೆಯೋಣ.

ಇನ್ನೇನಾದ್ರೂ ಕಣ್ಣಿಗೆ ಬಿದ್ದಿದ್ರೆ ಇವತ್ತು ಸಂಜೆಯೊಳಗೆ ಹಾಕಿ, ಎಷ್ಟನೇ ನಿಮಿಷದಲ್ಲಿ ಬರುತ್ತೆ ಅಂತಾನೂ ತಿಳಿಸಿ. ವಾಯ್ಸ್ ನೋಟ್ ಬೇಡ, ಟೈಪ್ ಮಾಡಿ. ಹೀರೋಯಿನ್ ಸೀರೆ ವಿಷ್ಯ ದಯವಿಟ್ಟು ಇಲ್ಲಿ ಬೇಡ.